ಚಪ್ಪಟೆಹುಳುವಿನ ನರಗಳು ಮತ್ತು ನಮ್ಮ ತಾತ್ಸಾರ

ನಮ್ಮ ಸಾಹಿತ್ಯವಲಯದಲ್ಲಿ ಎರಡು ಮಾತುಗಳು ಎಂದೂ ಹಳತಾಗುವುದಿಲ್ಲ. ಮೊದಲನೆಯದು ನಗೆಮಾತು. ವಿಶ್ವವಿದ್ಯಾಲಯಗಳಲ್ಲಿ ನಡೆಯುವ ಸಂಶೋಧನೆ ಎಷ್ಟು ವ್ಯರ್ಥವೆಂದು ತೋರಿಸಬೇಕಾದಾಗ ಯಾರಾದರೊಬ್ಬರು ಒಂದು ಪ್ರೌಢಪ್ರಬಂಧದ ಹೆಸರನ್ನು ಓದಿಹೇಳುತ್ತಾರೆ. ಅದು ‘ಕುರಿಯ ಕರುಳಿನ ಲಾಡಿಹುಳುವಿನಲ್ಲಿ ನರಮಂಡಲದ ರಚನೆ ಮತ್ತು ಕೋಲಿನ್‌ಎಸ್ಟರೇಸ್ ಕಿಣ್ವದ ಹಂಚಿಕೆ’ ಎಂಬಂಥದ್ದಾಗಿದ್ದರೆ ಇನ್ನೂ ಒಳ್ಳೆಯದು. ಹೆಸರು ಮುಗಿಯುವ ಮೊದಲೇ ಸಭೆ ನಕ್ಕಿರುತ್ತದೆ. ಎರಡನೆಯದು ಬೈಗುಳ. ದುಡಿಯದೆ ತಿನ್ನುವವನೆಂದು ಯಾರನ್ನಾದರೂ ಹಳಿಯಬೇಕಾದಾಗ ‘ಪರೋಪಜೀವಿ’ ಎನ್ನುತ್ತೇವೆ. ಹಾಗೆನ್ನುವಾಗ ನಮ್ಮ ಮನಸ್ಸಿನಲ್ಲಿರುವುದು ಮಿದುಳಿಲ್ಲದ, ಕಣ್ಣಿಲ್ಲದ, ಬೆನ್ನುಮೂಳೆಯಿಲ್ಲದ, ಬಾಯಿಯೊಂದೇ ಉಳಿದ ಒಂದು ಮಾಂಸದ ಪಟ್ಟಿ.

ಈ ನಗೆಗೂ ಈ ಬೈಗುಳಕ್ಕೂ ಬೇರು ಒಂದೇ ಎಂಬುದು ನನ್ನ ವಾದ. ಸಣ್ಣದನ್ನು ಹತ್ತಿರದಿಂದ ನೋಡಲು ಒಪ್ಪದ ತಾತ್ಸಾರವೇ ಆ ಬೇರು. ಇದರಲ್ಲೊಂದು ವಿಚಿತ್ರವೂ ಇದೆ. ಮೊದಲನೆಯದರಲ್ಲಿ ನಗೆಗೀಡಾದ ಪ್ರಬಂಧಗಳೇ ಎರಡನೆಯದರ ಹಿಂದಿರುವ ಜೀವವಿಜ್ಞಾನ ಸುಳ್ಳೆಂದು ತೋರಿಸಿಕೊಟ್ಟಿವೆ. ಪದಗಳನ್ನೇ ಆಸ್ತಿಯೆಂದು ತಿಳಿದ ನಾವು ಈ ಲೆಕ್ಕವನ್ನು ಒಮ್ಮೆ ಸರಿಯಾಗಿ ನೋಡಬೇಕು.

ಮೊದಲು ಪದದ ವಿಚಾರ. ಇಂಗ್ಲಿಷ್ ಎಂ.ಎ. ಓದುವಾಗ ಗ್ರೀಕ್ ಮತ್ತು ರೋಮನ್ ಹಾಸ್ಯನಾಟಕಗಳ ಪರಿಚಯ ಮಾಡಿಕೊಂಡವರಿಗೆಲ್ಲ ‘ಪ್ಯಾರಸೈಟ್’ ಹಳೆಯ ಗೆಳೆಯ. ‘ಪಕ್ಕದಲ್ಲಿ ಕುಳಿತು ಉಣ್ಣುವವನು’ ಎಂಬುದು ಆ ಗ್ರೀಕ್ ಪದದ ಮೂಲಾರ್ಥ. ಅಥೆನ್ಸಿನಲ್ಲಿ ಒಂದು ಕಾಲಕ್ಕೆ ಅದು ದೇವಾಲಯದ ಪಂಕ್ತಿಯಲ್ಲಿ ಊಟದ ಹಕ್ಕಿದ್ದವರ ಗೌರವದ ಹೆಸರು. ನಾಟಕಕಾರರ ಕೈಗೆ ಸಿಕ್ಕ ಮೇಲೆ ಸಿರಿವಂತನ ಮನೆಯಲ್ಲಿ ಮುಖಸ್ತುತಿ ಮಾಡಿ ಹೊಟ್ಟೆ ಹೊರೆಯುವ ವಿದೂಷಕನ ಹೆಸರಾಯಿತು. ಪ್ಲಾಟಸ್‌ನ ನಾಟಕಗಳಲ್ಲಿ ಇವನು ಮತ್ತೆ ಮತ್ತೆ ಬರುತ್ತಾನೆ. ಜೀವಶಾಸ್ತ್ರ ಈ ಪದವನ್ನು ತನ್ನದಾಗಿಸಿಕೊಂಡದ್ದು ಶತಮಾನಗಳ ನಂತರ. ಅಂದರೆ ವಿಜ್ಞಾನ ಇದನ್ನು ರಂಗಭೂಮಿಯಿಂದ ಎರವಲು ತಂದಿತು, ಬೈಗುಳದ ಸಮೇತ ತಂದಿತು. ಆಮೇಲೆ ಸಾಹಿತ್ಯ ಅದನ್ನು ಮರಳಿ ಪಡೆದು, ‘ಇದು ವಿಜ್ಞಾನ ಹೇಳಿದ ಮಾತು’ ಎಂಬ ಮುದ್ರೆಯೊತ್ತಿ ಮನುಷ್ಯರ ಮೇಲೆ ಬಳಸತೊಡಗಿತು. ನಮ್ಮ ಹಳ್ಳಿಯ ರೈತ ಇದಕ್ಕಿಂತ ಪ್ರಾಮಾಣಿಕ. ಮಾವಿನ ಮರಕ್ಕೆ ಬದನಿಕೆ ಹತ್ತಿದರೆ ಕೊಂಬೆ ಕಡಿಯುತ್ತಾನೆ. ಬದನಿಕೆಯನ್ನು ಸೋಮಾರಿಯೆಂದು ಬೈಯುತ್ತ ಕೂರುವುದಿಲ್ಲ.

ಈ ಬೈಗುಳಕ್ಕೆ ವಿಜ್ಞಾನದ ವೇಷ ತೊಡಿಸಿದವರಲ್ಲಿ ಮುಖ್ಯನಾದವನು ಇಂಗ್ಲೆಂಡಿನ ಪ್ರಾಣಿವಿಜ್ಞಾನಿ ರೇ ಲ್ಯಾಂಕೆಸ್ಟರ್. ‘ಡಿಜನರೇಷನ್’ ಎಂಬ ಅವನ ಸಣ್ಣ ಪುಸ್ತಕ ಪ್ರಕಟವಾದದ್ದು 1880ರಲ್ಲಿ. ಆಹಾರವೂ ಆಸರೆಯೂ ಸುಲಭವಾಗಿ ಸಿಕ್ಕ ಪ್ರಾಣಿ ಕ್ರಮೇಣ ಅವನತಿಗೆ ಇಳಿಯುತ್ತದೆ, ಕಾಲು, ಕಣ್ಣು, ಇಂದ್ರಿಯಗಳನ್ನು ಒಂದೊಂದಾಗಿ ಕಳೆದುಕೊಂಡು ಬರಿಯ ಹೊಟ್ಟೆಯೂ ಮೊಟ್ಟೆಯೂ ಆಗಿ ಉಳಿಯುತ್ತದೆ ಎಂಬುದು ಅದರ ತಿರುಳು. ಅವನು ಪ್ರಾಣಿಗಳಲ್ಲಿಗೇ ನಿಲ್ಲಲಿಲ್ಲ. ಐಶ್ವರ್ಯ ಬಂದ ಮನುಷ್ಯನೂ ಸಂಪತ್ತು ಕಂಡ ರೋಮ್ ಸಾಮ್ರಾಜ್ಯವೂ ಹಾಗೆಯೇ ಕುಸಿದವೆಂದು ಹೋಲಿಸಿದ. 1892ರಲ್ಲಿ ಮ್ಯಾಕ್ಸ್ ನಾರ್ಡಾವ್ ಬರೆದ ಇನ್ನೊಂದು ಗ್ರಂಥ ಅದೇ ‘ಅವನತಿ’ಯ ಹೆಸರನ್ನು ಹೊತ್ತು ಬಂದಿತು. ಈ ಸಲ ರೋಗಿಗಳ ಪಟ್ಟಿಯಲ್ಲಿದ್ದವರು ಲೇಖಕರು: ಇಬ್ಸೆನ್, ಟಾಲ್‌ಸ್ಟಾಯ್, ಜೋಲಾ, ವೈಲ್ಡ್. ‘ಪರೋಪಜೀವಿ’ ಎಂಬ ಪದವನ್ನು ನಾಜಿ ಪ್ರಚಾರ ಇಡೀ ಒಂದು ಜನಾಂಗದ ಮೇಲೆ ಹೇಗೆ ಪ್ರಯೋಗಿಸಿತು, ಅದು ಎಲ್ಲಿಗೆ ಮುಟ್ಟಿತು ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. 1964ರಲ್ಲಿ ಲೆನಿನ್‌ಗ್ರಾಡಿನ ನ್ಯಾಯಾಲಯವೊಂದು ಜೋಸೆಫ್ ಬ್ರಾಡ್‌ಸ್ಕಿ ಎಂಬ ತರುಣನನ್ನು ‘ಸಾಮಾಜಿಕ ಪರೋಪಜೀವಿ’ ಎಂದು ನಿರ್ಣಯಿಸಿ ಐದು ವರ್ಷ ಉತ್ತರದ ಹಳ್ಳಿಗೆ ಗಡೀಪಾರು ಮಾಡಿತು. ಅವನ ಅಪರಾಧ ಕವಿತೆ ಬರೆಯುವುದನ್ನೇ ಕಸುಬೆಂದು ಹೇಳಿಕೊಂಡದ್ದು. 1987ರಲ್ಲಿ ನೊಬೆಲ್ ಪಡೆದವನು ಇವನೇ. ಈ ಪದವನ್ನು ಹಗುರವಾಗಿ ಬಳಸುವ ಕವಿಗಳು ಇದು ತಮ್ಮ ಕುಲದವನ ಕೊರಳಿಗೇ ಬಿದ್ದ ಹಗ್ಗವೆಂಬುದನ್ನು ಮರೆಯಬಾರದು.

ನಮಗೂ ಇದು ದೂರದ ವಿಚಾರವಲ್ಲ. ವೇತನ ಆಯೋಗದ ಸುದ್ದಿ ಬಂದಾಗಲೆಲ್ಲ ನನ್ನಂಥ ಕೇಂದ್ರ ಸರಕಾರಿ ನೌಕರರಿಗೆ ಈ ಬಿರುದು ತಪ್ಪದೆ ಸಲ್ಲುತ್ತದೆ. ಅದರ ಬಗ್ಗೆ ನನ್ನ ದೂರಿಲ್ಲ; ಕಡತಗಳ ನಡುವೆ ವರ್ಷಗಳನ್ನು ಕಳೆದವನ ಚರ್ಮ ದಪ್ಪವಾಗಿರುತ್ತದೆ. ಆದರೆ ಊರು ಬಿಟ್ಟು ಬಂದು ಇನ್ನೊಂದು ನಾಡಿನ ನೀರು ಕುಡಿಯುವ ಎಲ್ಲರ ಮೇಲೂ ಈ ಪದ ಯಾವ ದಿನ ಬೇಕಾದರೂ ಬೀಳಬಹುದು. ಇಂದು ಬಿಹಾರದ ಕೂಲಿಯ ಮೇಲೆ ಬೀಳುವುದು ನಾಳೆ ನಮ್ಮ ಮೇಲೆ ಬಿದ್ದೀತು. ಹೊರನಾಡಿನ ಕನ್ನಡಿಗರ ಬರಹದಲ್ಲಿ ಈ ಬೈಗುಳ ಇಷ್ಟು ಸಲೀಸಾಗಿ ಓಡಾಡುವುದು ನನಗೆ ಸೋಜಿಗವೆನಿಸುತ್ತದೆ.

ಇರಲಿ, ಪದವನ್ನು ಬಿಟ್ಟು ಹುಳುವಿನ ಬಳಿಗೆ ಬರೋಣ. ಅದು ನಿಜವಾಗಿಯೂ ನಾವು ತಿಳಿದಂತಿದೆಯೆ?

ಚಪ್ಪಟೆಹುಳುಗಳ ನರಗಳನ್ನು ಕಾಣುವುದು ಸುಲಭವಲ್ಲ. ಅವಕ್ಕೆ ನಮ್ಮ ನರಗಳಂತೆ ಬಿಳಿಯ ಕವಚವಿಲ್ಲ. ಮೆತ್ತನೆಯ ಅಂಗಾಂಶದ ನಡುವೆ ಅವು ಕರಗಿಹೋದಂತಿರುತ್ತವೆ, ಸಾಮಾನ್ಯ ಬಣ್ಣಗಳಿಗೆ ಸರಿಯಾಗಿ ಸಿಗುವುದಿಲ್ಲ. ಕಾಣದ್ದನ್ನು ಇಲ್ಲವೆಂದು ತಿಳಿಯುವುದು ಎಲ್ಲ ಕಾಲದ ಚಾಳಿ. ಈ ಕತ್ತಲನ್ನು ಬಹುಮಟ್ಟಿಗೆ ಕಳೆದದ್ದು, ನಾವು ನಗುವ ಆ ‘ಕಿಣ್ವದ ಹಂಚಿಕೆ’.

ಅದರ ಹಿಂದಿನ ವಿಚಾರ ಸರಳ. ನರದ ತುದಿ ಸ್ನಾಯುವಿಗೆ ಸಂದೇಶ ಮುಟ್ಟಿಸಲು ಬಳಸುವ ರಾಸಾಯನಿಕಗಳಲ್ಲೊಂದು ಅಸಿಟೈಲ್‌ಕೋಲಿನ್. ಸಂದೇಶ ತಲುಪಿದೊಡನೆ ಅದನ್ನು ಒಡೆದುಹಾಕದಿದ್ದರೆ ಮುಂದಿನ ಸಂದೇಶಕ್ಕೆ ಅರ್ಥವಿರುವುದಿಲ್ಲ. ಒಡೆಯುವ ಕೆಲಸ ಅಸಿಟೈಲ್‌ಕೋಲಿನ್‌ಎಸ್ಟರೇಸ್ ಎಂಬ ಕಿಣ್ವದ್ದು. ಆದ್ದರಿಂದ ಈ ಕಿಣ್ವ ದಟ್ಟವಾಗಿರುವ ಕಡೆ ನರ ಇರಬೇಕೆಂದು ಊಹಿಸಬಹುದು. 1949ರಲ್ಲಿ ಕೊಯೆಲ್ ಮತ್ತು ಫ್ರೀಡೆನ್‌ವಾಲ್ಡ್ ಈ ಊಹೆಯನ್ನು ಕಣ್ಣಿಗೆ ಕಾಣುವಂತೆ ಮಾಡಿದರು. ಕಿಣ್ವಕ್ಕೆ ಅದರ ನಿಜವಾದ ಆಹಾರದ ಬದಲು ಅಸಿಟೈಲ್‌ಥಯೋಕೋಲಿನ್ ಎಂಬ ಹೋಲಿಕೆಯ ವಸ್ತುವನ್ನು ಕೊಡುವುದು, ಅದು ಒಡೆದಾಗ ಬರುವ ತುಣುಕು ಅಲ್ಲಿಯೇ ಬಣ್ಣವಾಗಿ ಕೂರುವಂತೆ ಮಾಡುವುದು ಅವರ ಉಪಾಯ. 1964ರಲ್ಲಿ ಕಾರ್ನೋವ್‌ಸ್ಕಿ ಮತ್ತು ರೂಟ್ಸ್ ಅದನ್ನು ಇನ್ನಷ್ಟು ನೇರಗೊಳಿಸಿದರು. ಕಿಣ್ವವಿರುವ ಜಾಗದಲ್ಲಿ ತಾಮ್ರದ ಸಂಯುಕ್ತವೊಂದು ಕಂದು ಬಣ್ಣದಲ್ಲಿ ಮೂಡಿ ನಿಲ್ಲುತ್ತದೆ. ಹುಳುವನ್ನು ತೆಳುವಾಗಿ ಹರಡಿ ಈ ದ್ರಾವಣದಲ್ಲಿಟ್ಟರೆ ಅದರ ನರಮಂಡಲ ತನ್ನ ಚಿತ್ರವನ್ನು ತಾನೇ ಬರೆದುಕೊಳ್ಳುತ್ತದೆ. ಬಣ್ಣ ಸುಳ್ಳು ಹೇಳುತ್ತಿಲ್ಲವೆಂದು ಖಚಿತಪಡಿಸಲು ಇನ್ನೊಂದು ಹುಳುವನ್ನು ಮೊದಲು ಎಸರಿನ್ ಎಂಬ ಪ್ರತಿಬಂಧಕದಲ್ಲಿ ಅದ್ದುತ್ತಾರೆ. ಅಲ್ಲಿ ಬಣ್ಣ ಮೂಡಬಾರದು. ಹೀಗೆ ತನ್ನ ಸಾಕ್ಷಿಯನ್ನೇ ಪಾಟೀಸವಾಲಿಗೆ ಒಡ್ಡುವ ಶಿಸ್ತು ನಮ್ಮ ವಿಮರ್ಶೆಯಲ್ಲಿ ಎಷ್ಟಿದೆಯೆಂದು ಕೇಳಿಕೊಳ್ಳಬಹುದು.

ಹಾಗೆ ಮೂಡಿದ ಚಿತ್ರ ಯಾವುದು? ಮುಂಭಾಗದಲ್ಲಿ ಎರಡು ನರಗಂಟುಗಳು, ಅವನ್ನು ಕೂಡಿಸುವ ಸೇತುವೆ. ಇದನ್ನು ಮಿದುಳೆನ್ನಲು ಇಂದಿನ ಪ್ರಾಣಿಶಾಸ್ತ್ರಜ್ಞರು ಹಿಂಜರಿಯುವುದಿಲ್ಲ. ಅಲ್ಲಿಂದ ದೇಹದುದ್ದಕ್ಕೂ ಇಳಿಯುವ ನರಹುರಿಗಳು, ಅವುಗಳ ನಡುವೆ ಅಡ್ಡಕ್ಕೆ ಹಾಯುವ ಕಟ್ಟುಗಳು: ಒಟ್ಟಿನಲ್ಲಿ ಒಂದು ಏಣಿ, ಇಲ್ಲವೆ ನೇಯ್ಗೆಯ ಹಾಸುಹೊಕ್ಕು. ಶಿಸ್ಟೊಸೋಮ, ಫ್ಯಾಸಿಯೋಲ ಮೊದಲಾದ ಎಲೆಯಾಕಾರದ ಹುಳುಗಳಲ್ಲಿ ಬೆನ್ನಿಗೆ, ಹೊಟ್ಟೆಗೆ, ಪಕ್ಕಕ್ಕೆ ಎಂದು ಮೂರು ಜೊತೆ ಹುರಿಗಳು. ಅವುಗಳಲ್ಲಿ ಹೊಟ್ಟೆಯ ಕಡೆಯವು ಹೆಚ್ಚು ದಪ್ಪ. ಲಾಡಿಹುಳುವಿನಲ್ಲಿ ತಲೆಯ ಗಂಟಿನಿಂದ ಹೊರಟ ಎರಡು ಪ್ರಧಾನ ಹುರಿಗಳು ನೂರಾರು ಖಂಡಗಳನ್ನು ಹಾದು ತುದಿಯವರೆಗೂ ಹೋಗುತ್ತವೆ. ಹಿಡಿದುಕೊಳ್ಳುವ ಹೀರುಬಟ್ಟಲುಗಳಲ್ಲಿ, ಗಂಟಲಿನಲ್ಲಿ, ಸಂತಾನನಾಳಗಳ ಸುತ್ತ ನರಗಳ ದಟ್ಟ ಬಲೆಯಿರುತ್ತದೆ. ಮೇಲ್ಮೈಯಲ್ಲಿ ಸ್ಪರ್ಶವನ್ನೋ ರಸಾಯನವನ್ನೋ ಅರಿಯುವ ಸಂವೇದನಾ ತುದಿಗಳಿವೆ. ಲ್ಯಾಂಕೆಸ್ಟರ್ ಹೇಳಿದ ಬರಿಯ ಹೊಟ್ಟೆ ಇದಲ್ಲ. ಲಾಡಿಹುಳುವಿನ ಮಟ್ಟಿಗಂತೂ ತಮಾಷೆಯೆಂದರೆ, ಅದಕ್ಕೆ ಇಲ್ಲದಿರುವುದು ಹೊಟ್ಟೆಯೇ. ಬಾಯಿಯೂ ಇಲ್ಲ, ಕರುಳೂ ಇಲ್ಲ, ನರಮಂಡಲ ಇದೆ.

ಈ ನರಮಂಡಲ ಸುಮ್ಮನೆ ಬಿದ್ದಿರುವುದೂ ಇಲ್ಲ. ಇಲಿಯ ಕರುಳಿನಲ್ಲಿ ವಾಸಿಸುವ ಹೈಮೆನೊಲೆಪಿಸ್ ಎಂಬ ಲಾಡಿಹುಳು ಇಲಿ ಉಂಡ ಹೊತ್ತಿಗೆ ಸರಿಯಾಗಿ ಕರುಳಿನಲ್ಲಿ ಮುಂದಕ್ಕೆ ಸರಿದು, ಆಮೇಲೆ ಹಿಂದಕ್ಕೆ ಹೋಗುತ್ತದೆ. ದಿನವೂ ಅದಕ್ಕೆ ಪ್ರಯಾಣವಿದೆ. ಶಿಸ್ಟೊಸೋಮದ ಗಂಡು ಹೆಣ್ಣುಗಳು ಜೋಡಿಯಾಗಿ, ಹರಿಯುವ ರಕ್ತಕ್ಕೆ ಎದುರಾಗಿ ರಕ್ತನಾಳದ ಗೋಡೆಯನ್ನು ಹಿಡಿದು ವರ್ಷಗಟ್ಟಲೆ ಬದುಕುತ್ತವೆ. ಅವುಗಳ ಮರಿ ಮೊಟ್ಟೆಯಿಂದ ಹೊರಟು ನೀರಿನಲ್ಲಿ ಈಜಿ ತನಗೆ ತಕ್ಕ ಬಸವನಹುಳುವನ್ನು ಹುಡುಕಬೇಕು; ಅದರೊಳಗೆ ಬೆಳೆದ ಮುಂದಿನ ಹಂತದ ಮರಿ ಹೊರಬಂದು ಒಂದೆರಡು ದಿನಗಳೊಳಗೆ ಮನುಷ್ಯನ ಚರ್ಮವನ್ನು ಹುಡುಕಿ ಕೊರೆಯಬೇಕು, ಇಲ್ಲವೆ ಸಾಯಬೇಕು. ಕುರಿಯ ಪಿತ್ತನಾಳದಲ್ಲಿರುವ ಡೈಕ್ರೊಸೀಲಿಯಂ ಎಂಬ ಹುಳುವಿನ ಮರಿಯೊಂದು ಇರುವೆಯ ನರಗಂಟಿನಲ್ಲಿ ನೆಲೆಸಿದರೆ, ಸಂಜೆಯ ತಂಪಿನಲ್ಲಿ ಆ ಇರುವೆ ಹುಲ್ಲಿನ ತುದಿಗೇರಿ ದವಡೆಯಿಂದ ಕಚ್ಚಿ ಹಿಡಿದು ನಿಂತುಬಿಡುತ್ತದೆ, ಮೇಯಲು ಬರುವ ಕುರಿಯ ಬಾಯಿಗೆ ಸಿಗುವ ಹಾಗೆ. ಬಿಸಿಲೇರಿದರೆ ಮತ್ತೆ ಕೆಳಗಿಳಿಯುತ್ತದೆ. ಇದನ್ನು ಸೋಮಾರಿತನವೆನ್ನಲು ಬರುವುದಿಲ್ಲ.

ಹಂಚಿಕೆಯ ಅಧ್ಯಯನದಿಂದ ಇನ್ನೂ ಅನಿರೀಕ್ಷಿತ ಸಂಗತಿಗಳು ಹೊರಬಿದ್ದವು. ಶಿಸ್ಟೊಸೋಮದಲ್ಲಿ ಈ ಕಿಣ್ವವಿದೆಯೆಂದು ಅರ್ನೆಸ್ಟ್ ಬ್ಯೂಡಿಂಗ್ 1952ರಲ್ಲಿ ವರದಿ ಮಾಡಿದರು. ಆದರೆ ಅದು ನರಗಳಲ್ಲಿ ಮಾತ್ರವಲ್ಲ, ಹುಳುವಿನ ಹೊರಮೈಯಲ್ಲೂ ಇದೆಯೆಂದು ಕ್ರಮೇಣ ತಿಳಿಯಿತು. ನರವಿಲ್ಲದ ಚರ್ಮದ ಮೇಲೆ ನರದ ಕಿಣ್ವಕ್ಕೇನು ಕೆಲಸ? ಮನುಷ್ಯನ ರಕ್ತದಲ್ಲಿ ತೇಲುವ ಅತ್ಯಲ್ಪ ಅಸಿಟೈಲ್‌ಕೋಲಿನ್ ತಗಲಿದಾಗ ಹುಳು ರಕ್ತದಿಂದ ಹೆಚ್ಚು ಗ್ಲೂಕೋಸ್ ಹೀರಿಕೊಳ್ಳುತ್ತದೆ, ಹೊರಮೈಯ ಕಿಣ್ವ ಈ ಏರ್ಪಾಡಿನ ಭಾಗವೆಂದು 1990ರ ದಶಕದ ಪ್ರಯೋಗಗಳು ತೋರಿಸಿದವು. ಅಂದರೆ ಹುಳು ನಮ್ಮ ರಾಸಾಯನಿಕ ಭಾಷೆಯನ್ನು ತನ್ನ ಚರ್ಮದಿಂದ ಓದುತ್ತಿದೆ. ಕಿಣ್ವ ‘ಇದೆ’ ಎಂದಷ್ಟೇ ತಿಳಿದಿದ್ದರೆ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ‘ಎಲ್ಲಿದೆ’ ಎಂದು ಕೇಳಿದ್ದರಿಂದ ಹುಟ್ಟಿತು. ‘ಹಂಚಿಕೆ’ ಎಂಬ ಒಣ ಪದದ ಅರ್ಥ ಇದು.

ಇನ್ನೂ ಒಂದು ಮಾತು. ನಮ್ಮ ಕೈಕಾಲುಗಳ ಸ್ನಾಯುಗಳನ್ನು ಬಿಗಿಯುವಂತೆ ಮಾಡುವ ಅಸಿಟೈಲ್‌ಕೋಲಿನ್ ಈ ಹುಳುಗಳ ಸ್ನಾಯುವನ್ನು ಸಡಿಲಿಸುತ್ತದೆ. ಅವನ್ನು ಚುರುಕುಗೊಳಿಸುವುದು ಸೆರೊಟೊನಿನ್; ಯಕೃತ್ತಿನ ಹುಳು ಫ್ಯಾಸಿಯೋಲದಲ್ಲಿ ಟ್ಯಾಗ್ ಮನ್ಸೂರ್ ಇದನ್ನು ತೋರಿಸಿದ್ದು 1957ರಲ್ಲಿ. ಅಕ್ಷರ ಅದೇ, ವ್ಯಾಕರಣ ಬೇರೆ. ಲೇಖನದ ಆರಂಭದಲ್ಲಿ ಹೇಳಿದ ಕುರಿಯ ಲಾಡಿಹುಳುವಿಗೆ ಮೊನೀಜಿಯ ಎಂಬ ಹೆಸರು. 1991ರಲ್ಲಿ ಬೆಲ್‌ಫಾಸ್ಟಿನ ಸಂಶೋಧಕರು ಈ ಹುಳುವಿನಿಂದ 39 ಅಮೈನೋ ಆಮ್ಲಗಳ ಒಂದು ನರಪೆಪ್ಟೈಡನ್ನು ಬೇರ್ಪಡಿಸಿ ‘ನ್ಯೂರೊಪೆಪ್ಟೈಡ್ ಎಫ್’ ಎಂದು ಕರೆದರು. ನಮ್ಮ ಮಿದುಳಿನಲ್ಲಿ ಹಸಿವೆಯ ನಿಯಂತ್ರಣದಲ್ಲಿ ಪಾಲ್ಗೊಳ್ಳುವ ‘ನ್ಯೂರೊಪೆಪ್ಟೈಡ್ ವೈ’ಗೆ ಅದು ದಾಯಾದಿ. ಆಮೇಲೆ ಹಣ್ಣುನೊಣದಲ್ಲೂ ಇತರ ಅಕಶೇರುಕಗಳಲ್ಲೂ ಅದರ ಬಳಗ ಸಿಕ್ಕಿತು. ಮಿದುಳಿಲ್ಲವೆಂದು ನಾವು ನಕ್ಕ ಹುಳುವೇ ಒಂದು ದೊಡ್ಡ ನರಕುಟುಂಬದ ವಂಶಾವಳಿಯನ್ನು ಮೊದಲು ತೆರೆದದ್ದು.

ಪ್ರತಿವಾದಿಗಳಿಗೆ ಸಲ್ಲಬೇಕಾದುದು ಸಲ್ಲಲಿ. ಪರೋಪಜೀವನದಲ್ಲಿ ನಷ್ಟವೇ ಇಲ್ಲವೆಂದು ನಾನು ಹೇಳುತ್ತಿಲ್ಲ. 2013ರಲ್ಲಿ ಹಲವು ಲಾಡಿಹುಳುಗಳ ಜೀನೋಮ್ ಪ್ರಕಟವಾದಾಗ, ಅವು ಕೊಬ್ಬಿನಾಮ್ಲಗಳನ್ನು ತಾವೇ ತಯಾರಿಸುವ ಸಾಮರ್ಥ್ಯವನ್ನೂ, ದೇಹರಚನೆಯನ್ನು ನಿರ್ದೇಶಿಸುವ ಎಷ್ಟೋ ಜೀನುಗಳನ್ನೂ ಕಳೆದುಕೊಂಡಿರುವುದು ಸ್ಪಷ್ಟವಾಯಿತು. ಆದರೆ ಕಳೆದುಕೊಳ್ಳುವುದೆಲ್ಲ ಅವನತಿಯಲ್ಲ. ನಾವು ‘ಸಿ’ ಜೀವಸತ್ವವನ್ನು ತಯಾರಿಸುವ ಶಕ್ತಿಯನ್ನು ಕಳೆದುಕೊಂಡಿದ್ದೇವೆ, ಅದಕ್ಕಾಗಿ ನೆಲ್ಲಿಕಾಯಿಯನ್ನೋ ನಿಂಬೆಯನ್ನೋ ಅವಲಂಬಿಸಿದ್ದೇವೆ. ಯಾರೂ ನಮ್ಮನ್ನು ನಿಂಬೆಯ ಪರೋಪಜೀವಿ ಎಂದಿಲ್ಲ. ಬೇಡವಾದದ್ದನ್ನು ಬಿಟ್ಟ ಹುಳು ಬೇಕಾದದ್ದನ್ನು ಉಳಿಸಿಕೊಂಡಿತು, ಬೆಳೆಸಿಕೊಂಡಿತು. ಉಳಿಸಿಕೊಂಡವುಗಳಲ್ಲಿ ನರಮಂಡಲ ಮೊದಲ ಸಾಲಿನದು ಎಂಬುದೇ ಇಲ್ಲಿ ಗಮನಿಸಬೇಕಾದ ಮಾತು.

‘ಹುಳುವಿಗೆ ವಕಾಲತ್ತು ಏಕೆ? ಅದು ಮನುಷ್ಯನನ್ನು ಕೊಲ್ಲುವುದಿಲ್ಲವೆ?’ ಎಂಬುದು ಮುಂದಿನ ಆಕ್ಷೇಪ. ಕೊಲ್ಲುತ್ತದೆ, ಕೊಲ್ಲದಿದ್ದರೆ ಕುಗ್ಗಿಸುತ್ತದೆ. 2021ರಲ್ಲಿ ಶಿಸ್ಟೊಸೋಮದ ವಿರುದ್ಧ ಮುನ್ನೆಚ್ಚರಿಕೆಯ ಚಿಕಿತ್ಸೆ ಬೇಕಾಗಿದ್ದವರು ಸುಮಾರು 25 ಕೋಟಿ ಜನ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತು. ಅವರಲ್ಲಿ ಬಹುಪಾಲು ಆಫ್ರಿಕದ ಬಡವರು. ಭಾರತಕ್ಕೆ ಅದರ ಸೋಂಕು ಹೊಸದೆಂದು ತಿಳಿಯಬೇಡಿ. ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಗಿಮ್ವಿ ಎಂಬ ಕೊಂಕಣದ ಹಳ್ಳಿಯಲ್ಲಿ ಅದರ ನೆಲೆಯನ್ನು ಗಾಡ್ಗೀಳ್ ಮತ್ತು ಶಾ 1952ರಲ್ಲೇ ವರದಿ ಮಾಡಿದ್ದರು. ಇಂಥ ಹುಳುವನ್ನು ಬೈದು ಕೊಲ್ಲಲು ಸಾಧ್ಯವಿಲ್ಲ. ಕೊಲ್ಲಬೇಕಾದರೆ ಅದರ ದೇಹದಲ್ಲಿ ಯಾವುದು ಎಲ್ಲಿದೆಯೆಂದು ತಿಳಿದಿರಬೇಕು.

ಮೆಟ್ರಿಫೊನೇಟ್ ಎಂಬ ಔಷಧಿಯ ಕಥೆಯನ್ನೇ ನೋಡಿ. ಕೀಟನಾಶಕವಾಗಿ ಹುಟ್ಟಿದ ಈ ವಸ್ತು ಮೂತ್ರಕೋಶದ ರಕ್ತನಾಳಗಳಲ್ಲಿ ಬದುಕುವ ಶಿಸ್ಟೊಸೋಮ ಜಾತಿಯ ಮೇಲೆ ಕೆಲಸ ಮಾಡಿತು. ಕರುಳಿನ ರಕ್ತನಾಳಗಳಲ್ಲಿ ಬದುಕುವ ಇನ್ನೊಂದು ಜಾತಿಗೆ ನಾಟಲಿಲ್ಲ. ಅದು ಹುಳುವಿನ ಕೋಲಿನ್‌ಎಸ್ಟರೇಸನ್ನು ತಡೆಯುತ್ತದೆಂದು ಬ್ಯೂಡಿಂಗ್ ಮತ್ತು ಸಂಗಡಿಗರು 1972ರಲ್ಲಿ ತೋರಿಸಿದರು. ಹಾಗಿದ್ದರೆ ಈ ವ್ಯತ್ಯಾಸ ಏಕೆ? ಹೊರಮೈಯಲ್ಲಿ ಕಿಣ್ವ ಎಷ್ಟಿದೆ, ಹಿಡಿತ ಸಡಿಲಿದ ಹುಳು ರಕ್ತದಲ್ಲಿ ಕೊಚ್ಚಿ ಎಲ್ಲಿಗೆ ಹೋಗುತ್ತದೆ ಎಂಬ ಎರಡು ವಿವರಣೆಗಳನ್ನು ಮುಂದಿಟ್ಟರು. ಎರಡೂ ‘ಎಲ್ಲಿ’ ಎಂಬ ಪ್ರಶ್ನೆಗೆ ಸಂಬಂಧಿಸಿದವೇ. ಇಂದು ಬಳಕೆಯಲ್ಲಿರುವ ಪ್ರಾಜಿಕ್ವಾಂಟೆಲ್ 1970ರ ದಶಕದ ಶೋಧ. ಅದು ತಗಲಿದ ಕೂಡಲೆ ಹುಳುವಿನ ಸ್ನಾಯು ಸೆಟೆದು ಮರಗಟ್ಟುತ್ತದೆಂದು ಎಲ್ಲರೂ ಕಂಡಿದ್ದರು. ಅದು ಯಾವ ಬಾಗಿಲನ್ನು ತಟ್ಟುತ್ತದೆಂಬುದು ದಶಕಗಳ ಕಾಲ ಒಗಟಾಗಿತ್ತು. ಕ್ಯಾಲ್ಸಿಯಂ ಒಳಬಿಡುವ ಒಂದು ಅಯಾನ್ ಕಾಲುವೆಯೇ ಆ ಬಾಗಿಲೆಂದು 2019ರಲ್ಲಿ ತಿಳಿಯಿತು. ಕೋಟಿಗಟ್ಟಲೆ ಜನ ಒಂದೇ ಗುಳಿಗೆಯನ್ನು ನಂಬಿಕೊಂಡಿರುವಾಗ, ಹುಳು ಅದಕ್ಕೆ ಬಗ್ಗದ ದಿನ ಬಂದರೆ ಮುಂದಿನ ಗುಳಿಗೆಯನ್ನು ಹುಡುಕಬೇಕಾದದ್ದು ಇದೇ ನರಸ್ನಾಯುಗಳ ನಕ್ಷೆಯಲ್ಲಿ.

ಹುಳುವಿನ ಬಗೆಗಿನ ತಾತ್ಸಾರ ನಮ್ಮ ಮನೆಗಳಿಗೆ ಹೇಗೆ ಮುಳುವಾಗುತ್ತದೆಂಬುದಕ್ಕೆ ಹಂದಿಯ ಲಾಡಿಹುಳು, ಅಂದರೆ ಟೀನಿಯ ಸೋಲಿಯಂ, ಸಾಕ್ಷಿ. ‘ಅದು ಹಂದಿ ತಿನ್ನುವವರ ರೋಗ’ ಎಂದು ಸಸ್ಯಾಹಾರಿಗಳು ನಿಶ್ಚಿಂತರಾಗಿರುತ್ತಾರೆ. ಸರಿಯಾಗಿ ಬೇಯದ ಹಂದಿಮಾಂಸದಿಂದ ಬರುವುದು ಕರುಳಿನ ಹುಳು ಮಾತ್ರ. ಮಿದುಳಿನಲ್ಲಿ ಕೋಶ ಕಟ್ಟಿ ಮೂರ್ಛೆರೋಗ ತರುವುದು ಹುಳುವಿನ ಮೊಟ್ಟೆ. ಅದು ಹೊಟ್ಟೆ ಸೇರುವುದು ಮನುಷ್ಯನ ಮಲ ಬೆರೆತ ನೀರಿನಿಂದ, ತೊಳೆಯದ ಸೊಪ್ಪಿನಿಂದ, ಸೋಂಕಿತನ ಕೈಯಿಂದ. ಅದು ಜಾತಿ ಕೇಳುವುದಿಲ್ಲ, ಊಟದ ಪಂಕ್ತಿ ಕೇಳುವುದಿಲ್ಲ. ಈ ಹುಳು ಬೇರೂರಿರುವ ಎಷ್ಟೋ ಪ್ರದೇಶಗಳಲ್ಲಿ ಮೂರ್ಛೆರೋಗದ ಪ್ರಕರಣಗಳಲ್ಲಿ ಸುಮಾರು ನೂರಕ್ಕೆ 30ರ ಹಿಂದೆ ಅದೇ ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಭಾರತದಲ್ಲಿ ಮೂರ್ಛೆ ಬಂದವರ ಮಿದುಳಿನ ಸಿ.ಟಿ. ಚಿತ್ರದಲ್ಲಿ ಕಾಣುತ್ತಿದ್ದ ಸಣ್ಣ ಮಚ್ಚೆಯನ್ನು ಕ್ಷಯದ ಗಂಟೆಂದು ತಿಳಿದು ತಿಂಗಳುಗಟ್ಟಲೆ ಕ್ಷಯದ ಔಷಧಿ ಕೊಡುತ್ತಿದ್ದ ಕಾಲವಿತ್ತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ನರಶಸ್ತ್ರವೈದ್ಯರು 1980ರ ದಶಕದ ಕೊನೆಯ ಹೊತ್ತಿಗೆ ಅಂಥ ಮಚ್ಚೆಗಳನ್ನು ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ ಕಂಡದ್ದು ಬಹುಮಟ್ಟಿಗೆ ಈ ಹುಳುವಿನ ಮರಿಗಳ ಅವಶೇಷ. ರೋಗಿಯ ಮದುವೆ, ಉದ್ಯೋಗ, ಮಾನ ಎಲ್ಲವನ್ನೂ ಅಲುಗಿಸುವ ಕಾಯಿಲೆಯೊಂದರ ನಿಜವಾದ ಕಾರಣ ತಿಳಿದದ್ದು, ಸಣ್ಣ ಮಚ್ಚೆಯನ್ನು ತಾಳ್ಮೆಯಿಂದ ನೋಡಿದವರಿಂದ.

ತಾಳ್ಮೆಯಿಂದ ನೋಡುವವರು ಬೇರೆಡೆಯೂ ಇದ್ದಾರೆ. ಮೇಘಾಲಯದ ಜನ ಸೋಹ್‌ಫ್ಲಾಂಗ್ ಎಂಬ ಗೆಡ್ಡೆಯನ್ನು ಹಸಿಯಾಗಿ ತಿನ್ನುತ್ತಾರೆ. ಹೊಟ್ಟೆಯ ಹುಳುವಿಗೆ ಅದು ಮದ್ದೆಂಬ ನಂಬಿಕೆ ಅಲ್ಲಿ ಹಳೆಯದು. ಶಿಲ್ಲಾಂಗಿನ ಈಶಾನ್ಯ ಪರ್ವತ ವಿಶ್ವವಿದ್ಯಾಲಯದಲ್ಲಿ ವೀಣಾ ಟಂಡನ್ ಮತ್ತು ಅವರ ಸಹೋದ್ಯೋಗಿಗಳು ಆ ಗೆಡ್ಡೆಯ ಸತ್ವವನ್ನು ಕೋಳಿಯ ಲಾಡಿಹುಳುವಿನ ಮೇಲೆ ಪ್ರಯೋಗಿಸಿ, ಅದರ ಹೊರಮೈಯ ಕಿಣ್ವಗಳು ಹೇಗೆ ಬದಲಾಗುತ್ತವೆಂದು ದಾಖಲಿಸಿದರು. ಜನಪದ ಜ್ಞಾನವನ್ನು ಹೊಗಳುವ ಭಾಷಣಗಳು ನಮ್ಮಲ್ಲಿ ಬೇಕಾದಷ್ಟಿವೆ. ಆ ಜ್ಞಾನವನ್ನು ಒರೆಗೆ ಹಚ್ಚುವ ಗೌರವ ತೋರಿದ್ದು ಯಾವುದು ಎಂದು ಹುಡುಕಿದರೆ, ಸಿಗುವುದು ‘ಲಾಡಿಹುಳುವಿನಲ್ಲಿ ಕಿಣ್ವಗಳು’ ಎಂಬ ಅದೇ ಒಣ ಶೀರ್ಷಿಕೆ.

ಕೊನೆಯ ಆಕ್ಷೇಪ ಸ್ವಲ್ಪ ಗಟ್ಟಿಯಾದದ್ದು: ‘ನಮ್ಮ ಪಿಎಚ್.ಡಿ.ಗಳಲ್ಲಿ ಬಹಳಷ್ಟು ನಕಲು, ಜೊಳ್ಳು, ಬಡ್ತಿಗಾಗಿ ಬರೆದದ್ದು. ಅದನ್ನೂ ನಗಬಾರದೆ?’ ನಗಬೇಕು. ಆದರೆ ಜೊಳ್ಳನ್ನು ಗುರುತಿಸಬೇಕಾದದ್ದು ಒಳಗೆ ಬರೆದಿರುವುದನ್ನು ಓದಿ; ಹೆಸರಿನಲ್ಲಿ ಹುಳುವಿದೆ, ಕಿಣ್ವವಿದೆ, ನಮಗೆ ಅರ್ಥವಾಗದ ಪದವಿದೆ ಎಂಬ ಕಾರಣದಿಂದಲ್ಲ. ‘ಆಧುನಿಕ ಕನ್ನಡ ಕಾವ್ಯದಲ್ಲಿ ಮಾನವೀಯ ಮೌಲ್ಯಗಳು’ ಎಂಬ ಹೆಸರಿನ ಪ್ರಬಂಧ ಎಷ್ಟೇ ಟೊಳ್ಳಾಗಿದ್ದರೂ ಸಭೆ ನಗುವುದಿಲ್ಲ, ಏಕೆಂದರೆ ಅದರ ಪದಗಳು ನಮಗೆ ಪರಿಚಿತ. ಹಾಗಾದರೆ ನಾವು ನಗುತ್ತಿರುವುದು ಟೊಳ್ಳನ್ನು ಕಂಡಲ್ಲ, ಅಪರಿಚಿತವನ್ನು ಕಂಡು. ನೆರೆಯವನ ಭಾಷೆ ಕೇಳಿ ನಗುವವನಿಗೂ ಇದಕ್ಕೂ ಅಂತರ ಬಹಳವಿಲ್ಲ. ಮುಂಬಯಿ, ಚೆನ್ನೈ, ದೆಹಲಿಗಳಲ್ಲಿ ನಮ್ಮ ಕನ್ನಡ ಕೇಳಿ ನಕ್ಕವರನ್ನು ಕಂಡ ನಮಗೆ ಇದು ತಿಳಿದಿರಬೇಕಿತ್ತು.

ಈ ನಗೆಗೆ ಇಂಗ್ಲಿಷ್ ಸಾಹಿತ್ಯದಲ್ಲಿ ದೊಡ್ಡ ಪರಂಪರೆಯೇ ಇದೆ. ರಾಬರ್ಟ್ ಹೂಕ್ 1665ರ ತನ್ನ ‘ಮೈಕ್ರೊಗ್ರಾಫಿಯ’ದಲ್ಲಿ ಹೇನು, ಚಿಗಟಗಳ ಬೃಹತ್ ಚಿತ್ರಗಳನ್ನು ಬಿಡಿಸಿದ. ಹನ್ನೊಂದು ವರ್ಷಗಳ ತರುವಾಯ ಥಾಮಸ್ ಶಾಡ್‌ವೆಲ್ ‘ದಿ ವರ್ಚುಯೋಸೊ’ ಎಂಬ ನಾಟಕದಲ್ಲಿ ಅಂಥವರನ್ನು ಗೇಲಿ ಮಾಡಿದ; ನಾಟಕ ನೋಡಿದ ಹೂಕ್ ಕುದಿದುಹೋದದ್ದು ಅವನ ದಿನಚರಿಯಲ್ಲಿ ದಾಖಲಾಗಿದೆ. 1726ರಲ್ಲಿ ಸ್ವಿಫ್ಟ್ ಸೌತೆಕಾಯಿಯಿಂದ ಬಿಸಿಲು ತೆಗೆಯುವ ಪಂಡಿತರನ್ನು ಸೃಷ್ಟಿಸಿದ. ಸ್ವಿಫ್ಟ್ ಮಹಾಲೇಖಕ, ಆ ನಗೆಯ ಹರಿತವನ್ನು ಒಪ್ಪುತ್ತೇನೆ. ಆದರೆ ಜೀವಕೋಶಕ್ಕೆ ‘ಸೆಲ್’ ಎಂಬ ಹೆಸರು ಬಂದದ್ದು ಹೂಕನ ಅದೇ ಪುಸ್ತಕದಿಂದ. ಶಾಡ್‌ವೆಲ್‌ನ ನಾಟಕವನ್ನು ಇಂದು ಓದುವವರು ನಮ್ಮಂಥ ಎಂ.ಎ. ವಿದ್ಯಾರ್ಥಿಗಳು ಮಾತ್ರ.

ಕನ್ನಡಕ್ಕೆ ಇದಕ್ಕಿಂತ ಒಳ್ಳೆಯ ಪರಂಪರೆಯಿದೆ. ಶಿವರಾಮ ಕಾರಂತರು ಕಾದಂಬರಿಗಳ ನಡುವೆಯೇ ‘ಬಾಲ ಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳ ಸಂಪುಟಗಳನ್ನು ಬರೆದರು. ಬಿ.ಜಿ.ಎಲ್. ಸ್ವಾಮಿಯವರು ನಮ್ಮಂತೆಯೇ ಹೊರನಾಡಿನವರು; ಚೆನ್ನೈನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವರು. ಅವರ ಸಂಶೋಧನೆ ಸಸ್ಯಗಳ ಒಳರಚನೆ ಮತ್ತು ಭ್ರೂಣವಿಜ್ಞಾನದಲ್ಲಿ. ಆ ಪ್ರಬಂಧಗಳ ಹೆಸರುಗಳನ್ನು ನಮ್ಮ ಸಭೆಯಲ್ಲಿ ಓದಿದ್ದರೆ ಅವಕ್ಕೂ ನಗೆಯೇ ಸಿಗುತ್ತಿತ್ತು. ಅದೇ ಕಣ್ಣಿನಿಂದ ‘ಹಸುರು ಹೊನ್ನು’ ಹುಟ್ಟಿತು, ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂದಿತು. ಎಲೆಯ ಅಡ್ಡಸೀಳನ್ನು ನೋಡುವ ಕಣ್ಣೂ ಮನುಷ್ಯರನ್ನು ನೋಡುವ ಕಣ್ಣೂ ಅವರಲ್ಲಿ ಬೇರೆ ಬೇರೆಯಾಗಿರಲಿಲ್ಲ. ನಾವು ಸ್ವಾಮಿಯವರ ಹಾಸ್ಯವನ್ನು ಉಳಿಸಿಕೊಂಡು ಅವರ ಸೂಕ್ಷ್ಮದರ್ಶಕವನ್ನು ಕೈಬಿಟ್ಟೆವು.

ಆದ್ದರಿಂದ ನನ್ನ ಕೋರಿಕೆಗಳು ಎರಡೇ. ಮನುಷ್ಯನನ್ನು, ಅವನು ನಿರುದ್ಯೋಗಿಯಾಗಲಿ, ವಲಸಿಗನಾಗಲಿ, ವೃದ್ಧನಾಗಲಿ, ಕವಿಯಾಗಲಿ, ‘ಪರೋಪಜೀವಿ’ ಎಂದು ಕರೆಯುವುದನ್ನು ನಮ್ಮ ಬರಹಗಳಲ್ಲಿ ನಿಲ್ಲಿಸೋಣ. ಅದು ವಿಜ್ಞಾನವಲ್ಲ, ಎರಡು ಸಾವಿರ ವರ್ಷ ಹಳೆಯ ನಾಟಕದ ಗೇಲಿ. ಮತ್ತೆ, ನಮ್ಮ ಊರುಗಳ ವಿಶ್ವವಿದ್ಯಾಲಯಗಳಲ್ಲಿ, ಪುಣೆಯಲ್ಲೋ ಹೈದರಾಬಾದಿನಲ್ಲೋ, ಹುಳುವಿನ ನರವನ್ನೋ ಕೀಟದ ರೆಕ್ಕೆಯನ್ನೋ ಅಭ್ಯಸಿಸುತ್ತಿರುವ ಕನ್ನಡದ ಹುಡುಗ ಹುಡುಗಿಯರು ಇದ್ದೇ ಇದ್ದಾರೆ. ಮುಂದಿನ ಗೋಷ್ಠಿಗೆ ಅವರಲ್ಲೊಬ್ಬರನ್ನು ಕರೆದು, ಅರ್ಧ ಗಂಟೆ ಕೊಟ್ಟು, ತಾವು ನೋಡಿದ್ದನ್ನು ಕನ್ನಡದಲ್ಲಿ ಹೇಳಲು ಕೇಳೋಣ. ಅವರು ಪದಗಳಿಗಾಗಿ ತಡವರಿಸಿದರೆ ಪದ ಹುಡುಕಿಕೊಡುವುದು ನಮ್ಮ ಕೆಲಸ. ಸಾಹಿತ್ಯಕೂಟಕ್ಕೆ ಅದಕ್ಕಿಂತ ಯೋಗ್ಯವಾದ ಕೆಲಸ ನನಗಂತೂ ತೋಚುವುದಿಲ್ಲ.